ಬಿಲ್ಲು ಯಾರದು, ಬೀಗ ಯಾರದು

ಕೇಳುಗರಿಗೆ ನಮಸ್ಕಾರ. ಕೋಲಾರದ ಕ್ಲಾಕ್ ಟವರ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ಭಾಷಣ ಮಾಡಿ ಅಭ್ಯಾಸವಿಲ್ಲ, ಅಂಗಡಿಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಟೊಮೆಟೊ ಸೀಸನ್ನು. ಎಪಿಎಂಸಿಯಿಂದ ಮಂಡಿ ಮಾಲೀಕರೊಬ್ಬರು ಪೆನ್‌ಡ್ರೈವ್ ಹಿಡಿದು ಬಂದರು. ಗುಮಾಸ್ತ ಹೇಳದೆ ಕೇಳದೆ ಕೆಲಸ ಬಿಟ್ಟಿದ್ದ, ಫೋನೂ ಎತ್ತುತ್ತಿರಲಿಲ್ಲ. ಯಾವ ರೈತರ ಬಾಕ್ಸ್ ಎಷ್ಟು ಬಂತು, ಯಾರಿಗೆ ಎಷ್ಟು ಕೊಡಬೇಕು, ಎಲ್ಲ ಒಂದೇ ಎಕ್ಸೆಲ್ ಫೈಲಿನಲ್ಲಿ. ಅದಕ್ಕೆ ಪಾಸ್‌ವರ್ಡ್.

ಪಾಸ್‌ವರ್ಡ್ ರಿಕವರಿ ಸಾಫ್ಟ್‌ವೇರ್ ಅಂದರೆ ಮಂತ್ರವೇನಲ್ಲ, ಗೊಂಚಲಿನ ಕೀಲಿಗಳನ್ನು ಒಂದೊಂದಾಗಿ ಹಾಕಿ ನೋಡಿದ ಹಾಗೆ. ನಾಲ್ಕಂಕಿಯಾದರೆ 10 ಸಾವಿರ ಕೀಲಿ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇಂಗ್ಲಿಷಿನ ಎಂಟು ಸಣ್ಣಕ್ಷರವಾದರೆ 20 ಸಾವಿರ ಕೋಟಿ ದಾಟುತ್ತದೆ. 2003ರವರೆಗಿನ ಎಕ್ಸೆಲ್ ಫೈಲುಗಳಲ್ಲಿ ಸಾಮಾನ್ಯವಾಗಿ ಬೀಗವೇ ಬಡಕಲು, ಒಳಗಿನ ಕೀಲಿ ಬರೀ 40 ಬಿಟ್ (0 ಅಥವಾ 1) ಉದ್ದದ್ದು. ಆ ಕೀಲಿಯನ್ನೇ ನೇರವಾಗಿ ಹುಡುಕಬಹುದಾದ್ದರಿಂದ ಪಾಸ್‌ವರ್ಡ್ ಎಷ್ಟುದ್ದವಿದ್ದರೂ ಬಗ್ಗುತ್ತದೆ. 2010ರ ಮೇಲಿನವು ಹಾಗಲ್ಲ, ಒಂದೊಂದು ಊಹೆಗೂ 1 ಲಕ್ಷ ಸಲ ಲೆಕ್ಕ ಹಾಕಿಸುತ್ತವೆ. ಇವರದು ಹಳೇ ಫೈಲು. ರಾತ್ರಿ ಹಚ್ಚಿಟ್ಟು ಹೋದೆ, ಮಾರನೇ ಸಂಜೆಗೆ ತೆರೆಯಿತು.

ಕೊನೆಯ ಹಾಳೆಯಲ್ಲಿ ಗುಮಾಸ್ತನ ಸ್ವಂತ ಚೀಟಿ ಲೆಕ್ಕ ಇತ್ತು. ಮಾಲೀಕರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ನಾನು ಆ ಹಾಳೆ ತೆಗೆದು ಉಳಿದದ್ದನ್ನು ಕೊಟ್ಟೆ. "ನನ್ನ ಕಂಪ್ಯೂಟರ್, ನನ್ನ ಸಂಬಳ ತಿಂದವನು" ಅಂತ ಮಾಲೀಕರು ರೇಗಿದರು. ಇವತ್ತಿಗೂ ಅವರು ಅಂಗಡಿ ಮುಂದೆ ಹೋದರೆ ಮುಖ ತಿರುಗಿಸುತ್ತಾರೆ.

ಇಂಥ ಸಾಫ್ಟ್‌ವೇರನ್ನೇ ನಿಲ್ಲಿಸಬೇಕು ಎನ್ನುವವರಿದ್ದಾರೆ. 1996ರಿಂದ ಇರುವ ಜಾನ್ ದ ರಿಪ್ಪರ್‌ನಂಥದ್ದನ್ನು ಕಳ್ಳರೂ ಬಳಸುತ್ತಾರೆ, ಸರ್ವರ್ ಕಾಯುವವರೂ ಬಳಸುತ್ತಾರೆ: ತಮ್ಮವರ ಯಾವ ಪಾಸ್‌ವರ್ಡ್ ಪೊಳ್ಳು ಅಂತ ಮೊದಲೇ ಹುಡುಕಲು. ನಿಲ್ಲಿಸಿದರೆ ನಷ್ಟ ಕಾಯುವವರಿಗೇ. ತೊಂದರೆ ಏನೆಂದರೆ ಅದು ಏನನ್ನೂ ಕೇಳುವುದಿಲ್ಲ. ನಮ್ಮ ಬೀದಿಯಲ್ಲಿ ಡೂಪ್ಲಿಕೇಟ್ ಕೀ ಮಾಡುವವರು "ಯಾರ ಮನೇದಪ್ಪಾ?" ಅಂತ ಕೇಳಿಯೇ ಅರ ಎತ್ತುವುದು.

ಹಾಗಾದರೆ ನಾನೇನು ಕೇಳಬೇಕು? ಮೊದಲು ಕಂಪ್ಯೂಟರ್ ಕೊಂಡ ಬಿಲ್ಲು ಕೇಳುತ್ತಿದ್ದೆ. ಒಬ್ಬರು ಬಿಲ್ಲು ಸಮೇತ ಬಂದರು. ಲ್ಯಾಪ್‌ಟಾಪ್ ಹೆಂಡತಿಯದು, ಬಿಲ್ಲು ತಮ್ಮ ಹೆಸರಿನದು, ಮೇಲ್ ನೋಡಬೇಕು. ಆಗುವುದಿಲ್ಲ ಅಂದೆ. "ದುಡ್ಡು ಕೊಟ್ಟವನು ನಾನು ತಾನೆ?" ಅಂದರು. ಕೊಟ್ಟಿದ್ದು ಪೆಟ್ಟಿಗೆಗೆ ಸಾರ್, ಒಳಗಿರುವುದಕ್ಕಲ್ಲ ಅಂದೆ. ಬೇರೆ ಅಂಗಡಿಗೆ ಹೋದರು. ಅಲ್ಲಿ ತೆರೆದುಕೊಟ್ಟರೋ ಏನೋ.

2000ದ ಐಟಿ ಕಾಯಿದೆಯ 43ನೇ ಕಲಮು ನೋಡಿ, ಅದು ಕೇಳುವುದು ಕಂಪ್ಯೂಟರಿನ ಮಾಲೀಕರ ಅಥವಾ ಉಸ್ತುವಾರಿಯವರ ಅನುಮತಿ. ಅಂದರೆ ಪೆಟ್ಟಿಗೆಯ ಮಾತು. 66ಸಿ ಬೇರೆ: ಮೋಸದಿಂದ ಇನ್ನೊಬ್ಬರ ಪಾಸ್‌ವರ್ಡ್ ಬಳಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಆ ಗಂಡ ಎರಡರ ನಡುವೆ ಎಲ್ಲಿ ನಿಲ್ಲುತ್ತಾರೋ ವಕೀಲರು ಹೇಳಬೇಕು. ನನಗೆ ಮಾತ್ರ ಅವತ್ತಿನಿಂದ ಬಿಲ್ಲಿನ ಮೇಲೆ ನಂಬಿಕೆ ಹೋಯಿತು. ಈಗ ಏನು ಬೇಕು, ಯಾಕೆ ಬೇಕು ಅಂತ ಕೇಳುತ್ತೇನೆ. ಗಿರಾಕಿಗಳು ಕಡಿಮೆಯಾಗಿದ್ದಾರೆ, ಅದೂ ನಿಜ.

ಹೋದ ವರ್ಷ ಬಂಗಾರಪೇಟೆ ಕಡೆಯ ತಾಯಿಯೊಬ್ಬರು ತೀರಿಹೋದ ಮಗನ ಲ್ಯಾಪ್‌ಟಾಪ್ ತಂದರು. ಅದು ಈಗ ಯಾರದ್ದು ಅಂತ ಯಾರನ್ನು ಕೇಳಲಿ? ಏನು ಬೇಕಮ್ಮ ಅಂದೆ. ಫೋಟೊ ಅಂದರು. ಪಾಸ್‌ವರ್ಡ್ ಮುರಿಯುವ ಅಗತ್ಯವೇ ಬೀಳಲಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿಲ್ಲ, ಅಂದರೆ ಒಳಗಿನದನ್ನು ಗುಟ್ಟಿನ ಲಿಪಿಗೆ ತಿರುಗಿಸಿರಲಿಲ್ಲ. ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿದೆ. ಫೋಟೊ ಇದ್ದ ಫೋಲ್ಡರನ್ನಷ್ಟೇ ಪೆನ್‌ಡ್ರೈವಿಗೆ ಹಾಕಿ, ಡಿಸ್ಕನ್ನು ಇದ್ದಲ್ಲೇ ಕೂರಿಸಿ ಸ್ಕ್ರೂ ಬಿಗಿದೆ. ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, "ಬೇರೆ ಏನಾದರೂ ಇತ್ತೇನಪ್ಪಾ?" ಅಂದರು.

ನೋಡಲಿಲ್ಲಮ್ಮ ಅಂದೆ.