ತೂಬಿನ ಮೇಲೆ ಯಜಮಾನನಿಲ್ಲ

ಕೇಳುಗರಿಗೆ ನಮಸ್ಕಾರ. ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ: "ಮೇಷ್ಟ್ರೇ, ವಿಶ್ವಸಂಸ್ಥೆ ಏನು ಕತ್ತೆ ಕಾಯ್ತಾ ಇದೆಯಾ?" ಸ್ವಾಮಿ, ಅದು ಪೊಲೀಸ್ ಠಾಣೆಯಲ್ಲ. 193 ದೇಶಗಳಿದ್ದರೂ ಅದರ ಭದ್ರತಾ ಮಂಡಳಿಗೆ ಕಾಯಂ ಸದಸ್ಯರು ಐದೇ. ಅವರಲ್ಲೊಬ್ಬರು 'ಆಗಲ್ಲ' ಅಂದರೆ ಮಂಡಳಿಯ ನಿರ್ಣಯ ಬಿದ್ದುಹೋಗುತ್ತದೆ. ದೇಶಗಳ ಮೇಲೆ ಯಜಮಾನ ಇಲ್ಲ. ಇವತ್ತು ಇದೊಂದು ಮಾತು ನೆನಪಿಟ್ಟುಕೊಳ್ಳಿ.

ನಮ್ಮೂರು ಮುಳಬಾಗಿಲು ಕಡೆ. ನಾನು ಚಿಕ್ಕವನಿದ್ದಾಗ ಒಂದು ವರ್ಷ ಕೆರೆ ಅರ್ಧಕ್ಕೇ ನಿಂತಿತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ನೀರುಗಂಟಿಯ ಮಾತು. ತೂಬಿನ ಪಕ್ಕದಲ್ಲೇ ಜಮೀನಿದ್ದ ದೊಡ್ಡ ರೈತನೊಬ್ಬ ನಡುರಾತ್ರಿ ಗುದ್ದಲಿ ತಂದು ಕಾಲುವೆ ಒಡೆದ. ಅಪ್ಪನ ಜೊತೆ ನಾನೂ ಏರಿ ಮೇಲಿದ್ದೆ. ಲಾಟೀನು ಹಿಡಿದು ನೀರುಗಂಟಿ ಬಂದ. ಬಡಕಲು ಮನುಷ್ಯ, ಸ್ವಂತಕ್ಕೆ ಗೇಣು ಗದ್ದೆಯಿಲ್ಲ. "ಅಣ್ಣಾ, ಇವತ್ತು ಕಡೆಗದ್ದೆಯವರ ಸರದಿ" ಅಂದ, ಅಷ್ಟೇ. ಬಗ್ಗಿ ಕೆಸರು ಬಾಚಿ ಒಡಕಿಗೆ ಮೆತ್ತತೊಡಗಿದ. ರೈತ ಗುದ್ದಲಿ ಹಿಡಿದು ನಿಂತೇ ಇದ್ದ. ಆಮೇಲೆ ತಾನೂ ಒಂದು ಹೆಂಟೆಯನ್ನು ಕಾಲಲ್ಲಿ ಆ ಕಡೆ ತಳ್ಳಿದ.

ಯಾಕೆ ಹೊಡೆಯಲಿಲ್ಲ?

ದೇಶ-ದೇಶಗಳ ಸಂಬಂಧವನ್ನು ಓದುವ ಪಂಡಿತರಲ್ಲಿ ಬೇರೆ ಬೇರೆ ಪಂಥಗಳಿವೆ, ಈ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಮೊದಲು ವಾಸ್ತವವಾದಿಯನ್ನು ಕೇಳಿ: "ಏರಿ ಮೇಲೆ ನಿಮ್ಮಪ್ಪ ಇದ್ದರಲ್ಲ, ಅದಕ್ಕೆ." ಯಜಮಾನ ಇಲ್ಲದ ಕಡೆ ಬಲವೇ ಲೆಕ್ಕ. ಪಕ್ಕದವನು ಶತ್ರು, ಅವನಾಚೆಯವನು ಮಿತ್ರ ಅಂತ ಕೌಟಿಲ್ಯನೂ ಹಾಡಿದ್ದು ಇದೇ ರಾಗ. ಉದಾರವಾದಿ ಹೇಳುತ್ತಾನೆ: "ನಾಳೆ ನಾಟಿಗೆ ಮುಯ್ಯಾಳು ಬೇಕಲ್ಲ!" ಒಬ್ಬರಿಗೊಬ್ಬರು ಬೇಕಾದವರು ಒಪ್ಪಂದ ಉಳಿಸಿಕೊಳ್ಳುತ್ತಾರೆ ಅನ್ನುವುದು ಅವನ ವಾದ. ಭಾರತ-ಪಾಕಿಸ್ತಾನಗಳ 1960ರ ಸಿಂಧೂ ಜಲ ಒಪ್ಪಂದ 1965, 1971ರ ಯುದ್ಧಗಳನ್ನೂ ದಾಟಿ ಉಳಿಯಿತು. 2025ರಲ್ಲಿ ಭಾರತ ಅದನ್ನು ತಡೆಹಿಡಿದಾಗ ವಾಸ್ತವವಾದಿ ಮೀಸೆಯಡಿ ನಕ್ಕ, ಅದು ಬೇರೆ ಮಾತು.

ಮೂರನೆಯವನು ರಚನಾವಾದಿ. ಯಜಮಾನ ಇಲ್ಲ, ನಿಜ. ಅದರ ಅರ್ಥವೇನು ಅನ್ನುವುದನ್ನು ದೇಶಗಳೇ ಕಟ್ಟಿಕೊಳ್ಳುತ್ತವೆ ಅಂತ ಅಲೆಕ್ಸಾಂಡರ್ ವೆಂಡ್ಟ್ ಎಂಬ ರಾಜ್ಯಶಾಸ್ತ್ರಜ್ಞ 1992ರಲ್ಲಿ ಬರೆದ. ಬ್ರಿಟನ್ನಿನ ನೂರಾರು ಅಣುಬಾಂಬಿಗೆ ಅಮೆರಿಕ ನಿದ್ದೆಗೆಡುವುದಿಲ್ಲ, ಉತ್ತರ ಕೊರಿಯಾದ ಕೆಲವಕ್ಕೆ ಕೆಡುತ್ತದೆ. ನನ್ನ ಮತ ಇವನಿಗೇ. ಲಾಟೀನಿನ ಬೆಳಕಲ್ಲಿ ಆ ರೈತನ ಮುಖ ನೋಡಿದವನು ನಾನು. ಅದು ಹೆದರಿಕೆಯಲ್ಲ, ನಾಚಿಕೆ.

ಸಮಯ ಮುಗಿಯಿತೆಂದು ಗಾಜಿನಾಚೆ ಕೈಸನ್ನೆ ಮಾಡುತ್ತಿದ್ದಾರೆ. ಬಡ ದೇಶಗಳ ಬಡತನಕ್ಕೆ ಶ್ರೀಮಂತ ದೇಶಗಳ ಮೇಲಿನ ಅವಲಂಬನೆಯೇ ಕಾರಣ ಅನ್ನುವ ಅವಲಂಬನಾವಾದಿಗಳಿಗೆ ಎರಡೇ ಮಾತು. ಅವರು ಕೇಳುವುದು, ತೂಬು ಯಾರ ಕೈಲಿದೆ ಅಂತ. ಉತ್ತರಕ್ಕೆ ದೂರ ಹೋಗಬೇಡಿ, ಕೆಜಿಎಫ್‌ಗೆ ಹೋಗಿ: ಬ್ರಿಟಿಷ್ ಕಂಪನಿಗಳ ಕಾಲದಲ್ಲಿ ಲಾಭ ಲಂಡನ್ನಿಗೆ ಹೋಯಿತು, 2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ದಿಬ್ಬ ಇಲ್ಲೇ ಇದೆ, ಗಾಳಿ ಬೀಸಿದಾಗ ಅದರ ದೂಳು ಮನೆಯೊಳಕ್ಕೆ ಬರುತ್ತದೆ.