ಅರೆಬರೆ ಅಳತೆಯಿಂದ ಆಕಾಶದ ಚಿತ್ರ

ಕೇಳುಗರಿಗೆ ನಮಸ್ಕಾರ.

ಪುಣೆ ಬಳಿಯ ಖೊಡದ್‌ನಲ್ಲಿರುವ ಜಿ.ಎಂ.ಆರ್.ಟಿ. ರೇಡಿಯೊ ದೂರದರ್ಶಕಕ್ಕೆ 30 ಆಂಟೆನಾಗಳು; ಎರಡೆರಡು ಸೇರಿಸಿದರೆ 435 ಜೋಡಿ. ಒಂದು ಕ್ಷಣದಲ್ಲಿ ಒಂದು ಜೋಡಿಗೆ ದಕ್ಕುವುದು ಆಕಾಶದ ಒಂದೇ ಒಂದು ಫೂರಿಯೆ ಘಟಕ, ಅಂದರೆ ಚಿತ್ರವನ್ನು ಅಲೆಗಳಾಗಿ ಬಿಡಿಸಿದಾಗ ಸಿಗುವ ಒಂದು ಅಲೆ. ಭೂಮಿ ತಿರುಗಿದಂತೆಲ್ಲ ಅಳತೆಗಳು ಹೆಚ್ಚುತ್ತವೆ, ಆದರೂ ನಡುನಡುವೆ ಖಾಲಿ ಉಳಿಯುತ್ತದೆ. ನಮಗೆ ಬೇಕಾದದ್ದೋ 512ಕ್ಕೆ 512, ಅಂದರೆ 2,62,144 ಚುಕ್ಕಿಗಳ ಚಿತ್ರ. ಈ ಅಳತೆಗಳಿಗೆ ಒಪ್ಪುವ ಚಿತ್ರಗಳು ಲೆಕ್ಕವಿಲ್ಲದಷ್ಟು. ಯಾವುದನ್ನು ಆರಿಸೋಣ?

ಯಾವ ಚುಕ್ಕಿಯೂ ಸೊನ್ನೆಗಿಂತ ಕೆಳಗಿಳಿಯದೆ, ಅಳತೆಗಳು ಕೇಳಿದಷ್ಟೇ ಏರಿಳಿತವಿರುವ ಚಿತ್ರವನ್ನು ಆರಿಸಿ ಎನ್ನುತ್ತದೆ ಗರಿಷ್ಠ ಎಂಟ್ರೊಪಿ ವಿಧಾನ. ಇಲ್ಲಿ ಎಂಟ್ರೊಪಿ ಎಂದರೆ ಚಿತ್ರ ಸಪಾಟಾದಷ್ಟೂ ಹೆಚ್ಚುವ ಒಂದು ಫಲನ. ಪ್ರತಿ ಅಳತೆಗೂ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಆ ಅಳತೆಯ ಗದ್ದಲದಿಂದ, ಅಂದರೆ ಅದರಲ್ಲಿ ಬೆರೆತ ದೋಷದ ಅಂದಾಜಿನಿಂದ, ಭಾಗಿಸಿ, ವರ್ಗ ಮಾಡಿ, ಕೂಡಿಸಬೇಕು. ಆ ಮೊತ್ತವೇ ಕೈ-ವರ್ಗ. ಅದು ಅಳತೆಗಳ ಸಂಖ್ಯೆಗೆ ಇಳಿದಾಗ ನಿಲ್ಲಬೇಕು.

ಕಂಪ್ಯೂಟರಿಗೆ ಹಾಕಿದಾಗ ಪೇಚಾಟ ಶುರು. ಒಂದೇ ಚುಕ್ಕಿ, ಒಂದೇ ಅಳತೆ ಇಟ್ಟುಕೊಳ್ಳಿ. ಅಳತೆ 10, ಗದ್ದಲ 1, ಮೊದಲ ಊಹೆ 1, ಎಂಟ್ರೊಪಿಯ ಎದುರು ಅಳತೆಗೆ ಎಷ್ಟು ತೂಕ ಎಂದು ಹೇಳುವ ಗುಣಕವೂ 1. ನೇರ ಸೂತ್ರದಲ್ಲಿ ಹತ್ತರಿಂದ ಹಳೆಯ ಬೆಲೆ ಕಳೆದು ಘಾತೀಯ ತೆಗೆದರೆ ಹೊಸ ಬೆಲೆ. ಮೊದಲ ಸುತ್ತಿಗೆ 8,103 ಬರುತ್ತದೆ! ಮುಂದಿನದು ಸೊನ್ನೆ, ಅದರ ಮುಂದಿನದು 22,026. ಈ ಗುಣಕಕ್ಕೆ ನಿಜವಾದ ಉತ್ತರ 7.93, ಅದರ ಹತ್ತಿರಕ್ಕೂ ಲೆಕ್ಕ ಸುಳಿಯುವುದಿಲ್ಲ.

1984ರಲ್ಲಿ ಸ್ಕಿಲ್ಲಿಂಗ್ ಮತ್ತು ಬ್ರಯನ್ ಇದಕ್ಕೆ ಕಡಿವಾಣ ಹಾಕಿದರು. ಎಂಟ್ರೊಪಿಯ ಇಳಿಜಾರು, ಕೈ-ವರ್ಗದ ಇಳಿಜಾರು ಎರಡನ್ನೂ ಆಯಾ ಚುಕ್ಕಿಯ ಬೆಲೆಯಿಂದಲೇ ಗುಣಿಸಿದರು. ಮಂಕು ಚುಕ್ಕಿ ಆಗ ಮೆಲ್ಲಗೆ ಬದಲಾಗುತ್ತದೆ, ಸೊನ್ನೆ ದಾಟಿ ಕೆಳಗೆ ಬೀಳುವುದು ತಪ್ಪುತ್ತದೆ. ಇವಕ್ಕೆ ವಕ್ರತೆಯಿಂದ ಬರುವ ದಿಕ್ಕೊಂದನ್ನು ಸೇರಿಸಿ, ಆ ಕೆಲವೇ ದಿಕ್ಕುಗಳಲ್ಲಿ ಹುಡುಕಾಟ. ಹೆಜ್ಜೆಗೂ ಮಿತಿಯುಂಟು: ಬದಲಾವಣೆಯ ವರ್ಗವನ್ನು ಬೆಲೆಯಿಂದ ಭಾಗಿಸಿ ಕೂಡಿಸಿದರೆ ಒಟ್ಟು ಬೆಳಕಿನ ಅರ್ಧ ಮೀರಬಾರದು. ನಮ್ಮ ಒಂಟಿ ಚುಕ್ಕಿ ಹೀಗಾಗಿ 1ರಿಂದ 1.7ಕ್ಕಷ್ಟೇ ಏರಬಲ್ಲದು. ನಿಧಾನವೇ ಸರಿ, ಆದರೆ ದಾರಿ ತಪ್ಪುವುದಿಲ್ಲ.

ಎಂಟ್ರೊಪಿ ಎಂದರೆ ಮಾಹಿತಿಯ ಮಾತು ಎಂಬ ವಾದ ಬಹಳವಿತ್ತು. 1982ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರಾಜಾರಾಮ್ ನಿತ್ಯಾನಂದ, ರಮೇಶ್ ನಾರಾಯಣ್ ಅದನ್ನು ಪಕ್ಕಕ್ಕಿಟ್ಟು ನೋಡಿದರು. ಚಿತ್ರದ ಬುಡ ಸಪಾಟಾಗಿ ಶಿಖರ ಚೂಪಾಗುವುದು ಎಂಟ್ರೊಪಿ ಎಂದು ಬಳಸುವ ಫಲನದ ಬಾಗಿನಿಂದ: ಎರಡನೇ ಅವಕಲನ ಋಣ, ಮೂರನೆಯದು ಧನ ಇದ್ದರಾಯಿತು. ಲಾಗರಿದಮ್ಮೂ ಸರಿ, ವರ್ಗಮೂಲವೂ ಸರಿ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ತಿಳಿಯಾದ ಮಾತಿಲ್ಲ.

ಗದ್ದಲದ ಅಂದಾಜು ಮಾತ್ರ ಸರಿಯಿರಲೇಬೇಕು. ಕಡಿಮೆ ಹಿಡಿದರೆ ಗದ್ದಲವೇ ನಕ್ಷತ್ರದಂತೆ ಮೂಡುತ್ತದೆ. ಹೆಚ್ಚು ಹಿಡಿದರೆ ವಿವರ ಅಳಿಸಿಹೋಗುತ್ತದೆ. ಸರಿಯಾಗಿದ್ದಾಗಲೂ ಪ್ರಖರ ಚುಕ್ಕಿ ತುಸು ಕುಗ್ಗುತ್ತದೆ: ನಮ್ಮ ಉದಾಹರಣೆಯಲ್ಲಿ ಗುಣಕವನ್ನು ಏರಿಸುತ್ತ ಹೋಗಿ ಕೈ-ವರ್ಗ 1 ಆಗುವಲ್ಲಿ ನಿಂತರೆ ಸಿಗುವುದು 9, ಹತ್ತಲ್ಲ. ಹರಡಿದ ಬೆಳಕಿನ ಮೇಲೆ ಪ್ರಖರ ಬಿಂದು ಕೂತಿದ್ದರೆ ಸುತ್ತ ಅಲೆಗಳು ಏಳುತ್ತವೆ. ಅಂಥಲ್ಲಿ ಮೊದಲು ಪ್ರಖರ ಬಿಂದುಗಳನ್ನು ಒಂದೊಂದಾಗಿ ಗುರುತಿಸಿ ಕಳೆಯುವ ಕ್ಲೀನ್ ವಿಧಾನದಿಂದ ಆ ಬಿಂದುವನ್ನು ಅಳತೆಗಳಿಂದ ಕಳೆದು, ಉಳಿದದ್ದಕ್ಕೆ ಎಂಟ್ರೊಪಿ ಹಚ್ಚಿ, ಕೊನೆಗೆ ಬಿಂದುವನ್ನು ಅದರ ಜಾಗಕ್ಕೆ ಮರಳಿಸಬೇಕು.