ಹಳೆಯ ಕಾರಿನ ವ್ಯಾಕ್ಯೂಮ್ ಪೈಪುಗಳು: ಕೀಳುವ ಮೊದಲು

ಕೇಳುಗರಿಗೆ ನಮಸ್ಕಾರ.

ಕಾರ್ಬ್ಯುರೇಟರ್ ಇರುವ ಹಳೆಯ ಕಾರಿನ ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವುದು ಕಪ್ಪು ರಬ್ಬರ್ ಪೈಪುಗಳ ಗೋಜಲು. ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ಎಳೆತವನ್ನು, ಅಂದರೆ ವ್ಯಾಕ್ಯೂಮನ್ನು, ಬೇರೆ ಬೇರೆ ಭಾಗಗಳಿಗೆ ಒಯ್ಯುವುದು ಇವೇ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ ಪೈಪು ಸಿಕ್ಕಿಸುವ ಕಬ್ಬಿಣದ ಮೂತಿಯನ್ನು, ಅಂದರೆ ನಿಪ್ಪಲನ್ನು, ತಿನ್ನುತ್ತದೆ, ಎಂಜಿನ್ನಿನ ಬಿಸಿಗೆ ರಬ್ಬರು ಸೀಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಾದರೆ ಉಳಿದದ್ದನ್ನು ಇಲಿ ಕಡಿದು ಹಾಕುತ್ತದೆ. ಆಗ 'ಎಲ್ಲ ಕಿತ್ತು ಬಂದ್ ಮಾಡಿ' ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಕೀಳಬಹುದಾದ ಪೈಪುಗಳಿವೆ, ಆದರೆ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದ ಮೇಲೆ. ಮೊದಲು ಫೋಟೋ ತೆಗೆದುಕೊಳ್ಳಿ. ಪ್ರತಿ ಪೈಪಿನ ಎರಡೂ ತುದಿಗೆ ಟೇಪು ಸುತ್ತಿ ಒಂದೇ ನಂಬರು ಬರೆಯಿರಿ.

ದಪ್ಪ ಪೈಪು, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನದು. ಅದನ್ನು ಬಂದ್ ಮಾಡಿ ದೇವಿಮನೆ ಘಾಟ್ ಇಳಿಯುವುದೆಂದರೆ ಪ್ರಾಣದ ಪ್ರಶ್ನೆ. ಪರೀಕ್ಷೆ ಹೀಗೆ: ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ. ಅದು ಗಟ್ಟಿಯಾದಾಗ ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲು ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಪೈಪು, ಗಾಳಿಯನ್ನು ಒಂದೇ ಕಡೆಗೆ ಬಿಡುವ ಅದರ ಚೆಕ್ ವಾಲ್ವ್ ಅಥವಾ ಬೂಸ್ಟರ್ ಕೆಟ್ಟಿದೆ. ಇಲ್ಲಿ ಬೂಸ್ಟರಿಗೆಂದೇ ಬರುವ, ಒಳಗೆ ನೂಲಿನ ಹೆಣಿಗೆ ಇರುವ ಪೈಪನ್ನೇ ಹಾಕಿ. ಸಾದಾ ಪ್ಲಾಸ್ಟಿಕ್ ಪೈಪು ಬಿಸಿಗೆ ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗುತ್ತದೆ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಪೈಪಿನಲ್ಲೇ ಹೆಚ್ಚು ಜನ ತಪ್ಪುವುದು. ಕಾರ್ಬ್ಯುರೇಟರಿನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯ ಮೇಲೊಂದು, ಕೆಳಗೊಂದು ನಿಪ್ಪಲ್ ಇರುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಬೆರಳಿಟ್ಟರೆ ಮೇಲಿನದರಲ್ಲಿ ಎಳೆತ ಇರುವುದಿಲ್ಲ, ಆಕ್ಸಿಲರೇಟರ್ ಕೊಟ್ಟಾಗ ಬರುತ್ತದೆ. ಕೆಳಗಿನದರಲ್ಲಿ ಸದಾ ಇರುತ್ತದೆ. ಮೇಲಿನದಕ್ಕೆ ಇದ್ದ ಪೈಪನ್ನು ಕೆಳಗಿನದಕ್ಕೆ ಸಿಕ್ಕಿಸಿದರೆ ಐಡ್ಲಿಂಗ್ ಏರುತ್ತದೆ. ಅದನ್ನು ಸ್ಕ್ರೂ ತಿರುಗಿಸಿ ಇಳಿಸಿದರೆ ತಪ್ಪು ಮುಚ್ಚಿಹೋಗುತ್ತದೆ, ಸರಿಯಾಗುವುದಿಲ್ಲ.

ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ತಳದ ಆಯಿಲ್ ಗೂಡಿನ) ಹೊಗೆಯನ್ನು ಎಂಜಿನ್ನಿಗೇ ಮರಳಿಸುವ ಪಿಸಿವಿ ಪೈಪನ್ನು ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ ಸೀಲುಗಳಿಂದ ಆಯಿಲ್ ಒಸರುತ್ತದೆ. ಮಳೆಗಾಲದಲ್ಲಿ ಬರೀ ಪೇಟೆಗೆ ಹೋಗಿಬರುವ ಕಾರಿನ ಆಯಿಲ್ ಮುಚ್ಚಳದಡಿ ಹಾಲಿನ ಕೆನೆಯಂಥ ನೊರೆ ಕಂಡರೆ, ಮೊದಲು ಈ ಪೈಪನ್ನೂ ವಾಲ್ವನ್ನೂ ನೋಡಿ. ಅಲ್ಲಾಡಿಸಿದಾಗ ಟಕ್ ಟಕ್ ಎನ್ನದ ವಾಲ್ವ್ ಕಟ್ಟಿಕೊಂಡಿದೆ ಎಂದರ್ಥ. ಇದ್ದಿಲು ತುಂಬಿದ ಡಬ್ಬಿ ಪೆಟ್ರೋಲ್ ಆವಿಯನ್ನು ಹಿಡಿದಿಡುತ್ತದೆ. ಅದನ್ನು ಕಿತ್ತು ಟ್ಯಾಂಕಿನ ಗಾಳಿದಾರಿ ಮುಚ್ಚಿದರೆ ಪಂಪಿಗೆ ಪೆಟ್ರೋಲ್ ಬರುವುದಿಲ್ಲ, ತೆರೆದು ಬಿಟ್ಟರೆ ಆವಿ ಬಿಸಿ ಎಂಜಿನ್ನಿನ ಹತ್ತಿರ ಸುಳಿಯುತ್ತದೆ. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಇರುವ ಎಂಜಿನ್ನಿನಲ್ಲಿ ಅದನ್ನು ಮುಚ್ಚಿದರೆ ಘಾಟ್ ಏರುವಾಗ ನಾಕಿಂಗ್, ಅಂದರೆ ಎಂಜಿನ್ನಿನೊಳಗೆ ಕಟಕಟ ಬಡಿತ, ಶುರುವಾಗಬಹುದು.

ಹಾಗಾದರೆ ತೆಗೆಯುವುದು ಏನನ್ನು? ಏಸಿ ಬಿಚ್ಚಿಹಾಕಿದ ಕಾರಿನಲ್ಲಿ ಐಡ್ಲಿಂಗ್ ಏರಿಸಲೆಂದಿದ್ದ ಪೈಪು, ಇನ್ನೊಂದು ತುದಿಯಲ್ಲಿ ಯಾವ ಭಾಗವೂ ಇಲ್ಲದ ಪೈಪು. ಇಂಥವನ್ನು ತೆಗೆದು ನಿಪ್ಪಲಿಗೆ ಗಟ್ಟಿ ರಬ್ಬರ್ ಮುಚ್ಚಳ ಹಾಕಿ ಕ್ಲಿಪ್ ಬಿಗಿಯಿರಿ. ಮಡಚಿ ತಂತಿ ಕಟ್ಟಿದ ಪೈಪು ಒಂದು ಬೇಸಿಗೆ ಬಾಳುವುದೂ ಕಷ್ಟ.

ಸೋರಿಕೆ ಹುಡುಕಲು ಪೆಟ್ರೋಲ್ ಚಿಮುಕಿಸಬೇಡಿ, ಬೆಂಕಿ ಹತ್ತುತ್ತದೆ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಡಿಸ್ಟ್ರಿಬ್ಯೂಟರ್, ಪ್ಲಗ್ ವೈರುಗಳನ್ನು ಬಿಟ್ಟು ಪೈಪಿನ ಸಂದುಗಳಿಗೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆಯಿರಿ. ಸದ್ದು ಬದಲಾದ ಕಡೆ ಸೋರಿಕೆ. ವ್ಯಾಕ್ಯೂಮ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಎಂಜಿನ್ ಚೆನ್ನಾಗಿದ್ದರೆ ಸಮುದ್ರಮಟ್ಟದ ಕಾರವಾರದಲ್ಲಿ ಐಡ್ಲಿಂಗಿನಲ್ಲಿ ಮುಳ್ಳು 17ರಿಂದ 21 ಇಂಚಿನ (ಪಾದರಸದ ಅಳತೆ) ನಡುವೆ ಅಲುಗದೆ ನಿಲ್ಲುತ್ತದೆ. ಅದೇ ಕಾರು ಶಿರಸಿಯಲ್ಲಿ ಸುಮಾರು 2 ಇಂಚು ಕಡಿಮೆ ತೋರಿಸಿದರೆ ಗಾಬರಿ ಬೇಡ, 600 ಮೀಟರ್ ಹತ್ತಿರದ ಆ ಎತ್ತರದಲ್ಲಿ ಗಾಳಿಯೇ ತೆಳು.

ಪೈಪೆಲ್ಲ ಕೂತ ಮೇಲೆ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು, ನೋಡಿ. ಬಹುಪಾಲು ಕಾರುಗಳಲ್ಲಿ ಆಗ ಡಿಸ್ಟ್ರಿಬ್ಯೂಟರ್ ಪೈಪನ್ನು ಬಿಚ್ಚಿ ಬಾಯಿ ಮುಚ್ಚಿರಬೇಕು. ಆಮೇಲೆ ಐಡ್ಲಿಂಗ್, ಕೊನೆಗೆ ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ. ಹೊಗೆ ತಪಾಸಣೆಗೆ ಹೋದಾಗ ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಅಂಕಿ ಓದಿ. ವಾಹನಗಳ ಹೊಗೆ ನಿಯಮವಾದ ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಅದು ಶೇಕಡಾ 3 ಮೀರಬಾರದು. ಮೀರಿದ್ದರೆ ಮತ್ತೆ ಆ ಸ್ಕ್ರೂವಿನಿಂದಲೇ ಶುರು ಮಾಡಿ, ಏರ್ ಫಿಲ್ಟರನ್ನೂ ಒಮ್ಮೆ ತೆಗೆದು ನೋಡಿ.

ನಮಸ್ಕಾರ.